ಓದಿದವರಿಗೆ ಮಾತ್ರ ಆಟ

ಸೆಪ್ಟೆಂಬರಿನ ಮೊದಲ ಮಂಗಳವಾರ. ಲೆಮ್ವಿ ಪಟ್ಟಣದ ಗ್ರಂಥಾಲಯದ ಮೇಲಂತಸ್ತಿನ ಕೋಣೆಯಲ್ಲಿ ಇಂಗೆಲೀಸೆ ಕಾಫಿ ಲೋಟಗಳನ್ನು ಜೋಡಿಸುತ್ತಿದ್ದಳು. ಮೆಟ್ಟಿಲ ಮೇಲೆ ಸಪ್ಪಳವಾಯಿತು. ಒಂದು ಹೆಜ್ಜೆ ಗಟ್ಟಿ, ಇನ್ನೊಂದು ಮೆತ್ತಗೆ, ಕುಂಟುವವರ ನಡಿಗೆ. ಬಾಗಿಲಿಗೆ ಬಂದು ನಿಂತವಳು ಆರಡಿಯ ಆಳು. ಗಂಡಸರಿಗೂ ಇರದಂಥ ಭುಜ, ಮೀನು ಹರಾಜುಕಟ್ಟೆಯ ನೀಲಿ ಅಂಗಿ.

"ಅಯ್ಯೋ, ಇಂಗೆಲೀಸೆ! ನೀವಾ?"

"ಮಲೂ," ಎಂದಳು ಇಂಗೆಲೀಸೆ. ಹದಿನೆಂಟು ವರ್ಷವಾಗಿದ್ದರೂ ಹೆಸರು ತಾನಾಗಿ ನಾಲಿಗೆಗೆ ಬಂತು. ಕೈಯಲ್ಲಿದ್ದ ಲೋಟ ಕೆಳಗಿಡುವುದರೊಳಗೆ ಆ ಅಗಲ ಭುಜ ಅವಳನ್ನು ತಬ್ಬಿಕೊಂಡಾಗಿತ್ತು. ಸೋಪಿನ ವಾಸನೆಯ ಅಡಿಯಲ್ಲಿ ಮೀನಿನ ವಾಸನೆ.

ಅದು ದೊಡ್ಡವರ ತರಗತಿ. ಕಣ್ಣು ನೆಟ್ಟಗಿದ್ದೂ ಕಾಗದದ ಮೇಲಿನ ಅಕ್ಷರ ಒಂದೆಡೆ ನಿಲ್ಲದವರು, ಪದಗುರುಡು ಎಂದು ಕರೆಸಿಕೊಂಡವರು, ಕೆಲಸ ಮುಗಿಸಿ ವಾರಕ್ಕೆರಡು ದಿನ ಬಂದು ಕೂರುತ್ತಿದ್ದರು. ಇಂಗೆಲೀಸೆ ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ಇದೊಂದನ್ನು ಹಿಡಿದುಕೊಂಡಿದ್ದಳು. ಯಾಕೆ ಇದನ್ನೇ ಹಿಡಿದಳು ಎಂದು ಯಾರೂ ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ.

ಮಲೂ ಅವಳ ಹೆಗಲ ಮೇಲೆ ಕೈಹಾಕಿಕೊಂಡೇ ಉಳಿದವರ ಕಡೆ ತಿರುಗಿದಳು. "ಇವರಿದಾರಲ್ಲ, ಬಂಗಾರದಂಥ ಹೆಂಗಸು. ಹೋಲ್ಮೆಗೋರ್ ಶಾಲೇಲಿ ನನಗೆ ಭಾಷೆ ಪಾಠ ಹೇಳಿದೋರು. ಇವರಿಲ್ದೇ ಹೋಗಿದ್ರೆ ನಾನು ಹತ್ತನೇ ಕ್ಲಾಸು ದಾಟ್ತಾನೇ ಇರ್ಲಿಲ್ಲ."

ಕಿಟಕಿ ಪಕ್ಕದಲ್ಲಿ ಕೂತಿದ್ದ ಲಾರಿ ಚಾಲಕ ಎಗೋನ್‌ಗೆ ಐವತ್ತೆಂಟು. ಬಾಯಿಗೆ ಬೀಗ ಇಲ್ಲದ ಮನುಷ್ಯ. "ದಾಟಿದ ಮೇಲೆ ಇಲ್ಲೇನು ಕೆಲಸ ತಾಯಿ? ಇದು ದಾಟದೇ ಇದ್ದೋರ ಮನೆ," ಅಂದ.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಮಲೂ. ಇಂಗೆಲೀಸೆ ಕಾಫಿ ಬಗ್ಗಿಸಲು ಹೋಗಿ ಮೇಜಿನ ಮೇಲೆ ಚೆಲ್ಲಿದಳು.

ಹೋಲ್ಮೆಗೋರ್ ಅಂದರೆ ಒಳನಾಡಿಗೆ ಚಾಚಿದ ಕಡಲಿನ, ಅಂದರೆ ಫ್ಯೋರ್ಡಿನ, ದಂಡೆಯ ವಸತಿಶಾಲೆ. ಹದಿನಾಲ್ಕರಿಂದ ಹದಿನೇಳರ ಮಕ್ಕಳು ಒಂದೆರಡು ವರ್ಷ ಅಲ್ಲಿದ್ದು ಹೋಗುತ್ತಾರೆ. ಮಕ್ಕಳು ಬರುತ್ತಿದ್ದುದು ಹ್ಯಾಂಡ್‌ಬಾಲ್ ಆಡಲಿಕ್ಕೆ, ಓದಲಿಕ್ಕಲ್ಲ. ಎರಡು ಒಳಾಂಗಣ, ದೇಶಕ್ಕೆ ಆಡಿದ್ದ ತರಬೇತುದಾರ, ಗೋಡೆ ತುಂಬ ಹಳೆಯ ತಂಡಗಳ ಫೋಟೊ. ಪುಸ್ತಕ ಅಂದರೆ ಮುಖ ಸಿಂಡರಿಸುವ ಮಕ್ಕಳನ್ನು ಓದಿಗೆ ಹಚ್ಚುವುದು ಹೇಗೆ ಎಂದು ಅಧ್ಯಾಪಕರೆಲ್ಲ ತಲೆ ಕೆರೆದುಕೊಳ್ಳುತ್ತಿದ್ದಾಗ ದಾರಿ ಹುಡುಕಿದ್ದು ಇಂಗೆಲೀಸೆಯೇ. ವಾರದ ಓದು ಒಪ್ಪಿಸದವರು ಶನಿವಾರ ಅಂಗಳಕ್ಕೆ ಇಳಿಯುವಂತಿಲ್ಲ. ಎಷ್ಟು ದೊಡ್ಡ ಆಟಗಾರನಾದರೂ ಸರಿ, ಬೆಂಚಿನ ಮೇಲೆ ಕೂರಬೇಕು. ಊಟದ ಮನೆಯ ಬಾಗಿಲ ಮೇಲೆ ಅವಳೇ ಬರೆದು ಅಂಟಿಸಿದ್ದಳು: ಓದಿದವರಿಗೆ ಮಾತ್ರ ಆಟ.

ಅದು ಫಲಿಸಿತು ಎನ್ನುವುದು ಸುಳ್ಳಲ್ಲ. ಹುಟ್ಟಿದಾಗಿನಿಂದ ಒಂದು ಪುಸ್ತಕ ಮುಗಿಸದ ಹುಡುಗರು ಬಸ್ಸಿನಲ್ಲಿ, ಬಟ್ಟೆ ಬದಲಿಸುವ ಕೋಣೆಯಲ್ಲಿ, ಬಾಲು ಜಾರದಿರಲೆಂದು ಹಚ್ಚುವ ಅಂಟನ್ನು ಬೆರಳಿಗೆ ಮೆತ್ತಿಕೊಂಡೇ ಹಾಳೆ ತಿರುವುತ್ತಿದ್ದರು. ಗ್ರಂಥಾಲಯದ ಪುಸ್ತಕಗಳೆಲ್ಲ ಅಂಟಂಟು. ಪತ್ರಿಕೆಯವರು ಬಂದರು, ಬೇರೆ ಶಾಲೆಯವರು ಬಂದು ಬರೆದುಕೊಂಡು ಹೋದರು. ಮುಖ್ಯೋಪಾಧ್ಯಾಯ ಪ್ರೆಬೆನ್ ಬಂದವರ ಮುಂದೆಲ್ಲ ಅವಳ ಬೆನ್ನು ತಟ್ಟಿದ. ಇಂಗೆಲೀಸೆಗೂ ಒಳಗೊಳಗೇ ಹೆಮ್ಮೆ.

ಮಲೂ ಬಂದದ್ದು ಆ ಹೆಮ್ಮೆಯ ಎಂಟನೇ ವರ್ಷ. ಥ್ಯುಬೊರಾನಿನ ಮೀನುಗಾರನ ಮಗಳು, ಹದಿನಾರು ವರ್ಷ. ಎಡಗಡೆಯಿಂದ ಓಡಿ ಬಂದು ಜಿಗಿದು ಅವಳು ಎಸೆದ ಬಾಲನ್ನು ಗೋಲಿನವಳು ಹಿಡಿಯುವುದಿರಲಿ, ನೋಡುವುದೂ ಕಷ್ಟ. ಓದಿನಲ್ಲೂ ತೊಂದರೆ ಕಾಣಿಸಲಿಲ್ಲ. ಶುಕ್ರವಾರ ಬಂದು ಎದುರು ಕೂತು ಆ ವಾರದ ಕತೆಯನ್ನು ಹೇಳುತ್ತಿದ್ದಳು. ಎಷ್ಟು ಚೆಂದಾಗಿ ಅಂದರೆ, ಬರೆದವನೇ ಪಕ್ಕದಲ್ಲಿ ಕೂತು ಕೇಳಬೇಕು.

ನವೆಂಬರಿನಲ್ಲಿ ಒಂದು ಶುಕ್ರವಾರ ಹೀಗೇ ಕತೆ ಹೇಳಿ ಮುಗಿಸಿ ಪುಸ್ತಕ ಒಪ್ಪಿಸಿ ಹೋದಳು. ಇಂಗೆಲೀಸೆ ಅದನ್ನು ಕಪಾಟಿನಲ್ಲಿಡುವ ಮೊದಲು ಸುಮ್ಮನೆ ತಿರುವಿದಳು. ನಡುವೆ ಹದಿನಾರು ಪುಟ ಇರಲೇ ಇಲ್ಲ. ಹರಿದದ್ದಲ್ಲ, ಪುಸ್ತಕ ಹೊಲಿಯುವವನೇ ಬಿಟ್ಟಿದ್ದ. ಅಣ್ಣ ತಮ್ಮಂದಿರ ಜಗಳ, ದೋಣಿ ಮಗುಚಿದ್ದು, ಹೆಣ ದಡಕ್ಕೆ ಬಂದದ್ದು, ಎಲ್ಲ ಆ ಹದಿನಾರು ಪುಟದಲ್ಲಿದ್ದ ವಿಷಯ. ಮಲೂ ಅದನ್ನೆಲ್ಲ ಕಣ್ಣಿಗೆ ಕಟ್ಟುವ ಹಾಗೆ ಹೇಳಿ ಹೋಗಿದ್ದಳು.

ಸೋಮವಾರ ಇಂಗೆಲೀಸೆ ಅವಳನ್ನು ಗಮನಿಸಿದಳು. ಓದಿನ ವೇಳೆಯಲ್ಲಿ ಪಕ್ಕದವಳು ಹಾಳೆ ತಿರುವಿದಾಗ ಮಲೂ ತಿರುವುತ್ತಿದ್ದಳು. ಕಣ್ಣು ಹಾಳೆಯ ಮೇಲಿತ್ತು, ಆದರೆ ಕದಲುತ್ತಿರಲಿಲ್ಲ. ರಾತ್ರಿ ಮಲಗುವಾಗ ಕೋಣೆಯ ಗೆಳತಿ ತನ್ನ ಪ್ರತಿಯಿಂದ ಕತೆ ಓದಿ ಹೇಳುತ್ತಿದ್ದಳು, ಬದಲಿಗೆ ಮಲೂ ಅವಳ ಪಾತ್ರೆ ತೊಳೆಯುವ ಪಾಳಿ ಮಾಡುತ್ತಿದ್ದಳು. ವಾರದೊಳಗೆ ಇಂಗೆಲೀಸೆಗೆ ಎಲ್ಲ ತಿಳಿಯಿತು. ಮಾಡಬೇಕಾದದ್ದೂ ಅವಳಿಗೆ ಗೊತ್ತಿತ್ತು. ಪರೀಕ್ಷಿಸುವವರನ್ನು ಕರೆಸಿ, ದಿನಾ ಮಧ್ಯಾಹ್ನ ಹುಡುಗಿಗೆ ಬೇರೆಯೇ ಪಾಠ ಶುರು ಮಾಡಬೇಕು. ಆ ಮಧ್ಯಾಹ್ನವೇ ತಂಡದ ಅಭ್ಯಾಸ. ಮೇಲಾಗಿ ಅವಳದೇ ನಿಯಮದ ಪ್ರಕಾರ, ಓದಿಲ್ಲದ ಹುಡುಗಿಗೆ ಅಂಗಳವಿಲ್ಲ.

ಪ್ರೆಬೆನ್ ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸಿದ. "ಮಾರ್ಚಿನಲ್ಲಿ ಶಾಲೆಗಳ ಫೈನಲ್ ಇದೆ. ಟಿವಿಯವರು ಬರ್ತಾರೆ. ಅದು ಮುಗೀಲಿ ಇಂಗೆಲೀಸೆ. ಇಷ್ಟು ವರ್ಷ ಹೀಗೇ ಇದ್ದೋಳು, ನಾಲ್ಕು ತಿಂಗಳಲ್ಲಿ ಏನು ಮುಳುಗಿಹೋಗತ್ತೆ?"

ಇಂಗೆಲೀಸೆ ಒಪ್ಪಿದಳು. ಬಲವಂತವೇನೂ ಇರಲಿಲ್ಲ. ಫೈನಲ್ಲಿಗೆ ಬರುವ ಟಿವಿಯವರು ಅವಳ ನಿಯಮದ ಬಗ್ಗೆಯೇ ಐದು ನಿಮಿಷದ ಚಿತ್ರ ತೆಗೆಯುವವರಿದ್ದರು.

ಫೈನಲ್ಲಿನಲ್ಲಿ ಒಂದು ಗೋಲಿನಿಂದ ಸೋತರು. ಹನ್ನೊಂದು ಗೋಲು ಹೊಡೆದಿದ್ದ ಮಲೂ ಬೆಂಚಿನ ಮೇಲೆ ಕೂತು ಅತ್ತಳು. ಅಳುವ ಹುಡುಗಿಗೆ ಈಗಲೇ ಹೇಳುವುದು ಬೇಡ ಅನ್ನಿಸಿತು. ಆಮೇಲೆ ಪ್ರೆಬೆನ್, "ಹೇಗೂ ಪರೀಕ್ಷೆ ಹತ್ತಿರ ಬಂತು, ಅದೂ ಮುಗೀಲಿ," ಅಂದ. ಇಂಗೆಲೀಸೆ ಭಾನುವಾರಗಳಂದು ಮಲೂಳನ್ನು ಕಾರಿನಲ್ಲಿ ಕೂರಿಸಿಕೊಂಡು ಸಮುದ್ರದ ಕಡೆ ಹೋಗಿ ಒಂದೇ ಒಂದು ಪಾಠವನ್ನು ಮತ್ತೆ ಮತ್ತೆ ಗಟ್ಟಿಯಾಗಿ ಓದಿ ಹೇಳಿದಳು. ಯಾಕೆ ಅದೊಂದನ್ನೇ ಎಂದು ಹುಡುಗಿ ಕೇಳಲಿಲ್ಲ. ಜೂನಿನಲ್ಲಿ ಹಸಿರು ಬಟ್ಟೆ ಹಾಸಿದ ಮೌಖಿಕ ಪರೀಕ್ಷೆಯ ಮೇಜಿನ ಮೇಲೆ, ಯಾವ ಪಾಠದ ಬಗ್ಗೆ ಮಾತಾಡಬೇಕೆಂದು ಮಕ್ಕಳು ಎತ್ತಿಕೊಳ್ಳುವ ಚೀಟಿಗಳನ್ನು ಹರಡಿದವಳು ಇಂಗೆಲೀಸೆಯೇ. ಮಲೂಳ ಸರದಿ ಬಂದಾಗ ಒಂದು ಚೀಟಿ ಉಳಿದವುಗಳಿಗಿಂತ ನಾಲ್ಕು ಬೆರಳು ಮುಂದಿತ್ತು. ಕೈಗೆ ಹತ್ತಿರವಾದದ್ದನ್ನು ಹುಡುಗಿ ಎತ್ತಿಕೊಂಡಳು. ಹೊರಗಿನಿಂದ ಬಂದ ಪರೀಕ್ಷಕ ತಲೆದೂಗಿ ಒಳ್ಳೆಯ ಅಂಕ ಕೊಟ್ಟ. ಜೂನ್ ಕೊನೆಗೆ ಮಕ್ಕಳೆಲ್ಲ ಅಳುತ್ತ, ತಬ್ಬಿಕೊಳ್ಳುತ್ತ ಮನೆಗೆ ಹೋದರು. ಮಲೂಳನ್ನು ದೊಡ್ಡ ಕ್ಲಬ್ಬೊಂದು ಕರೆದುಕೊಂಡಿತು.

ಹದಿನೆಂಟು ವರ್ಷದ ಮೇಲೆ ಈಗ ಅದೇ ಹುಡುಗಿ ಎದುರಿಗೆ ಕೂತು, ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು, ಅಕ್ಷರ ಕೂಡಿಸುತ್ತಿದ್ದಳು. ಥ್ಯುಬೊರಾನಿನ ಕ್ಲಬ್ಬಿನಲ್ಲಿ ಹನ್ನೆರಡರ ಒಳಗಿನ ಹುಡುಗಿಯರಿಗೆ ಅವಳು ಆಟ ಕಲಿಸುತ್ತಿದ್ದಳಂತೆ. ತರಬೇತುದಾರಳ ಪರವಾನಗಿ ಬೇಕಾದರೆ ಬರವಣಿಗೆಯ ಪರೀಕ್ಷೆ ಕೊಡಬೇಕು. "ಮಕ್ಕಳ ಅಪ್ಪ ಅಮ್ಮಂದಿರು ಫೋನಿಗೆ ಮೆಸೇಜು ಹಾಕ್ತಾರೆ, ಎಲ್ಲದಕ್ಕೂ ಹೆಬ್ಬೆರಳು ತೋರಿಸಿ ಕಳಿಸ್ತೀನಿ. ಹೋದ ತಿಂಗಳು ಒಬ್ರು ಅಜ್ಜಿ ತೀರ್ಕೊಂಡ್ರು ಅಂತ ಹಾಕಿದ್ರಂತೆ. ಅದಕ್ಕೂ ಹೆಬ್ಬೆರಳು!"

ಹೊಸಬರಿಗೆಲ್ಲ ಮಾಡುವ ಪರೀಕ್ಷೆಯನ್ನು ಅವಳಿಗೂ ಮಾಡಿದ್ದಾಯಿತು. ಫಲಿತಾಂಶ ಸ್ಪಷ್ಟವಾಗಿತ್ತು. ಹುಟ್ಟಿನಿಂದಲೇ ಇದ್ದದ್ದು ಎಂದು ಇಂಗೆಲೀಸೆ ವಿವರಿಸಿದಳು. ಮುಂದಿನ ಪ್ರಶ್ನೆ ಏನೆಂದು ಗೊತ್ತಿತ್ತು. ಆದರೆ ಪ್ರಶ್ನೆಯನ್ನೂ ಉತ್ತರವನ್ನೂ ಮಲೂ ತಾನೇ ಹೇಳಿಬಿಟ್ಟಳು.

"ಹಾಗಾದ್ರೆ ಹೋಲ್ಮೆಗೋರಿನಲ್ಲೂ ಇತ್ತು! ಯಾರಿಗೂ ಗೊತ್ತಾಗ್ಲೇ ಇಲ್ವಲ್ಲ. ಹೇಗೆ ಗೊತ್ತಾಗತ್ತೆ ಹೇಳಿ? ಅಷ್ಟು ಚೆನ್ನಾಗಿ ನಿಮ್ಮ ಕಣ್ಣಿಗೆ ಮಣ್ಣೆರಚಿದ್ದೆ. ನಿಮ್ಮಂಥೋರ ಕಣ್ಣಿಗೇ!" ಅವಳ ಮುಖ ಬೆಳಗುತ್ತಿತ್ತು. ಹನ್ನೊಂದು ಗೋಲಿನ ದಿನವೂ ಹಾಗೆ ಬೆಳಗಿರಲಿಲ್ಲ.

ಇಂಗೆಲೀಸೆ ನಕ್ಕಳು. ಆ ನಗೆ ಮನೆಗೆ ಹೋದ ಮೇಲೂ ಬಾಯಲ್ಲಿ ಕಹಿಯಾಗಿ ಕೂತಿತ್ತು.

ನವೆಂಬರಿನ ಒಂದು ಸಂಜೆ ಎಗೋನ್, "ಅಲ್ಲ ಮಲೂ, ಆ ಮಂಡಿ ಯಾವ ಪಂದ್ಯದಲ್ಲಿ ಹೋಯ್ತು?" ಎಂದು ಕೇಳಿದ.

"ಪಂದ್ಯದಲ್ಲಿ ಹೋಗಿದ್ರೆ ಮರ್ಯಾದೆ ಇರ್ತಿತ್ತಲ್ಲಪ್ಪ! ಹೋಗಿದ್ದು ಮನೆ ಸೋಫಾದ ಮೇಲೆ." ಮಲೂ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಕತೆ ಹೇಳುವಾಗ ಅವಳು ಈಗಲೂ ಹಾಗೇ ಒರಗುತ್ತಿದ್ದಳು. "ಆಪರೇಷನ್ ಆಯ್ತು. ಚೆನ್ನಾಗೇ ಆಯ್ತು. ಮನೆಗೆ ಕಳಿಸೋವಾಗ ಕೈಗೆ ನಾಲ್ಕು ಹಾಳೆ ಕೊಟ್ರು. ಓದ್ಕೊಂಡು ಹಾಗೇ ಮಾಡಿ ಅಂದ್ರು. ಗೊತ್ತಾಯ್ತಾ ಅಂತ ಕೇಳಿದ್ರು, ಗೊತ್ತಾಯ್ತು ಅಂದೆ. ನಾನು ಯಾವತ್ತು ಗೊತ್ತಾಗ್ಲಿಲ್ಲ ಅಂದಿದೀನಿ? ಮನೇಲಿ ನೋಡಿದ್ರೆ ಚಿತ್ರ ಇದೆ. ಚಿತ್ರದಲ್ಲಿ ಒಬ್ಳು ಮಂಡಿ ಮಡಚಿ ಎದ್ದು ಕೂತು ಮಾಡ್ತಿದಾಳೆ. ಸರಿ, ಚಿತ್ರಕ್ಕೆ ಓದು ಯಾಕೆ? ನಾನೂ ದಿನಾ ನೂರು ಸಲ ಮಾಡಿದೆ. ಆಟಗಾರ್ತಿ ನೋಡಿ, ಅವರು ಹತ್ತು ಅಂದ್ರೆ ನಾವು ನೂರು ಮಾಡೋರು! ಚಿತ್ರದ ಕೆಳಗೆ ಏನು ಬರೆದಿತ್ತಂತೆ ಗೊತ್ತಾ? 'ಹತ್ತು ವಾರದವರೆಗೆ ಹೀಗೆ ಮಾಡಲೇಬಾರದು.'"

ಎಗೋನ್ ಮೇಜು ಬಡಿದು ನಕ್ಕ. ನಕ್ಕು ನಕ್ಕು ಅವನ ಕಣ್ಣಲ್ಲಿ ನೀರು ಬಂತು. ತಾನು ಹೆಂಡತಿಗೆ ಹುಟ್ಟುಹಬ್ಬದ ಕಾರ್ಡು ಎಂದು ಶೋಕಪತ್ರ ತಂದುಕೊಟ್ಟ ಕತೆಯನ್ನು ಅವನೂ ಹೇಳಿದ. ಆ ಕೋಣೆಯಲ್ಲಿ ಇಂಥ ಕತೆಗಳಿಗೆ ನಗುವುದೇ ರೂಢಿ. ಇಂಗೆಲೀಸೆ ಮಾತ್ರ ಬೋರ್ಡಿನ ಕಡೆ ತಿರುಗಿ, ಬರೆದದ್ದನ್ನು ಒರೆಸಿ, ಮತ್ತೆ ಅದನ್ನೇ ಬರೆದಳು.

ಮಾರನೆಯ ದಿನ ಪ್ರೆಬೆನ್‌ಗೆ ಫೋನು ಮಾಡಿದಳು. ಅವನೂ ನಿವೃತ್ತನಾಗಿ ಊರ ಹೊರಗೆ ಜೇನು ಸಾಕಿಕೊಂಡಿದ್ದ.

"ಹೇಳಬೇಕು ಅಂತಿದೀನಿ," ಎಂದಳು.

"ಏನಂತ? ನಿನ್ನ ಹೊಟ್ಟೆ ತೊಳೆಸಿದ್ರೆ ಬಚ್ಚಲಿಗೆ ಹೋಗು, ಅವಳ ಮನೆ ನಡುವೆ ಕಾರ್ಕೋಬೇಡ." ಅಂದ ಪ್ರೆಬೆನ್. "ನೋಡು, ಹನ್ನೆರಡು ವರ್ಷ ದೊಡ್ಡ ಲೀಗಲ್ಲಿ ಆಡಿದ್ಲು. ಅಷ್ಟು ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಆ ವರ್ಷ ನಾವು ಅವಳನ್ನ ಅಂಗಳದಿಂದ ಎಬ್ಬಿಸಿ ನಿನ್ನ ಕೋಣೇಲಿ ಅಆಇಈ ಹೇಳಿಸಿದ್ರೆ ಅದೆಲ್ಲ ಆಗ್ತಿತ್ತಾ? ಮರುದಿನವೇ ಗಂಟುಮೂಟೆ ಕಟ್ಕೊಂಡು ಮನೆಗೆ ಹೋಗಿರೋಳು. ಅವಳು ಸಂತೋಷವಾಗಿದಾಳೆ. ಬಿಡು."

ಅವನ ಮಾತಿನಲ್ಲಿ ಸುಳ್ಳು ಎಲ್ಲಿದೆ ಎಂದು ಹುಡುಕಿದರೆ ಇಂಗೆಲೀಸೆಗೆ ಸಿಗಲಿಲ್ಲ. ಆದರೂ ಆ ನಾಲ್ಕು ಹಾಳೆ ಅವಳ ಕಣ್ಣ ಮುಂದಿನಿಂದ ಹೋಗಲಿಲ್ಲ.

ಗುರುವಾರ ತರಗತಿ ಮುಗಿದು ಎಲ್ಲರೂ ಹೋದ ಮೇಲೆ ಲೋಟ ತೊಳೆಯಲು ಮಲೂ ನಿಂತಳು. ಯಾವಾಗಲೂ ಅವಳೇ ನಿಲ್ಲುತ್ತಿದ್ದಳು.

"ಮಲೂ, ಒಂದು ಮಾತು. ಹೋಲ್ಮೆಗೋರಿನಲ್ಲಿ... ನನಗೆ ಗೊತ್ತಿತ್ತು."

"ಏನು?"

"ನೀನು ಓದ್ತಿರ್ಲಿಲ್ಲ ಅನ್ನೋದು. ನಿನಗೆ ಓದೋಕೆ ಬರಲ್ಲ ಅನ್ನೋದು. ನವೆಂಬರಿನಲ್ಲೇ ಗೊತ್ತಾಗಿತ್ತು."

ಮಲೂ ನಲ್ಲಿ ನಿಲ್ಲಿಸಲಿಲ್ಲ. ನೀರು ಹರಿಯುತ್ತಲೇ ಇತ್ತು. ಇಂಗೆಲೀಸೆ ಹದಿನಾರು ಪುಟದ ವಿಷಯ ಹೇಳಿದಳು, ಪ್ರೆಬೆನ್ ಹೇಳಿದ್ದನ್ನು ಹೇಳಿದಳು. "ಅವನೊಬ್ಬನೇ ಅಲ್ಲ, ನಾನೂ ಒಪ್ಪಿದೆ. ಫೈನಲ್ ಮುಗೀಲಿ ಅಂತ."

"ಫೈನಲ್ಲಾ?" ಮಲೂ ತಿರುಗಿದಳು. "ನಾವು ಸೋತ್ವಲ್ಲ."

"ಹೌದು."

"ಸೋಲೋ ಫೈನಲ್ಲಿಗೆ!" ಅವಳು ನಗಲು ಹೊರಟಳು, ನಗು ಬರಲಿಲ್ಲ. ಲೋಟವನ್ನು ಒರೆಸಿದಳು, ಒಣಗಿದ ಮೇಲೂ ಒರೆಸಿದಳು. "ಮಂಡಿ ಹೋಯ್ತು, ಹೋಗ್ಲಿ. ಇಷ್ಟು ವರ್ಷ ಯಾರ ಹತ್ರನೂ ಕೇಳದೆ, ಕಂಡಕಂಡ ಕಡೆ ಸುಳ್ಳು ಹೇಳ್ಕೊಂಡು ಬದುಕಿದ್ದೂ ಹೋಗ್ಲಿ. ನಾನು ದಡ್ಡಿ ಅಂತ ನನಗೆ ಯಾವಾಗ್ಲೂ ಗೊತ್ತಿತ್ತು. ಆದ್ರೆ ಒಂದಿತ್ತು ಇಂಗೆಲೀಸೆ. ಅಷ್ಟು ಓದಿದ ನಿಮ್ಮನ್ನೆಲ್ಲ ಒಂದು ವರ್ಷ ಯಾಮಾರಿಸಿದ್ನಲ್ಲ, ಆ ಬುದ್ಧಿ ನನಗಿತ್ತಲ್ಲ, ಅಂತ. ಒಬ್ಳೇ ಇದ್ದಾಗ ಅದನ್ನ ನೆನೆಸ್ಕೊತಿದ್ದೆ. ನಾನು ಅಷ್ಟೇನೂ ದಡ್ಡಿ ಅಲ್ಲ ಅಂತ." ಲೋಟವನ್ನು ಮೇಜಿನ ಮೇಲಿಟ್ಟಳು. "ನೀವು ಅಲ್ಲಿ ಕೂತು ನೋಡ್ತಾ ಇದ್ರಿ. ನಾಟಕ ನೋಡೋ ಹಾಗೆ."

"ಮಲೂ, ನಾನು..."

"ಆ ಪರೀಕ್ಷೆ ದಿನ ಚೀಟಿ ಎತ್ತಿದ್ದೊಂದು ನನ್ನದು. ಅದು ನನ್ನ ಅದೃಷ್ಟ. ಅದನ್ನಂತೂ ಯಾರೂ ಕೊಟ್ಟಿದ್ದಲ್ಲ."

ಇಂಗೆಲೀಸೆಯ ಬಾಯಿ ತೆರೆಯಿತು. ತೆರೆದ ಬಾಯಿಯನ್ನು ಅವಳು ಮುಚ್ಚಿಕೊಂಡಳು. ಅದು ಕರುಣೆಯೋ ಹೇಡಿತನವೋ ಎಂದು ಆಮೇಲೆ ಎಷ್ಟು ಸಲ ಯೋಚಿಸಿದರೂ ತೀರ್ಮಾನವಾಗಲಿಲ್ಲ.

ಮಲೂ ಮಂಗಳವಾರ ಬರಲಿಲ್ಲ. ಗುರುವಾರವೂ ಬರಲಿಲ್ಲ. ಕ್ರಿಸ್‌ಮಸ್ಸಿಗೆ ಎಗೋನ್ ತಂದ ಬೆಣ್ಣೆ ಬಿಸ್ಕತ್ತನ್ನು ಅವಳ ಪಾಲಿಗೆಂದು ಎತ್ತಿಟ್ಟು ಕೊನೆಗೆ ಅವನೇ ತಿಂದ. "ಆ ಹುಡುಗಿ ಎಲ್ಲಿ ಹೋದ್ಲು ಕಣ್ರೀ? ಅವಳಿಲ್ದೆ ಕ್ಲಾಸು ಸಾವಿನ ಮನೆ ಆಗಿದೆ," ಅಂದ.

ಜನವರಿಯಲ್ಲಿ ಮಲೂಳ ಫೋನು ಬಂತು. ಧ್ವನಿ ಒಣಗಿತ್ತು. "ಈಗ ಹೋಲ್ಸ್ಟೆಬ್ರೊದ ಕ್ಲಾಸಿಗೆ ಹೋಗ್ತಿದೀನಿ. ನೀವು ಅವತ್ತು ಹೇಳಿದ್ದನ್ನ ಬರೆದುಕೊಡಿ. ಹೋಲ್ಮೆಗೋರ್ ಶಾಲೆ ಆಡಳಿತದೋರಿಗೆ ಕೊಡ್ಬೇಕು."

ಹೋಲ್ಸ್ಟೆಬ್ರೊ ಎಂದರೆ ಹೋಗಿ ಬರಲು ಎರಡು ಗಂಟೆಯ ಬಸ್ಸು, ಆ ಮಂಡಿ ಹೊತ್ತುಕೊಂಡು. "ಬರೀತೀನಿ," ಎಂದಳು ಇಂಗೆಲೀಸೆ.

ನಲವತ್ತು ವರ್ಷ ಮಕ್ಕಳಿಗೆ ಬರೆಯುವುದನ್ನು ಕಲಿಸಿದವಳಿಗೆ ಆ ಒಂದು ಪುಟ ಬರೆಯಲು ಮೂರು ದಿನ ಹಿಡಿಯಿತು. ಬರೆದಳು, ಹರಿದಳು, ಮತ್ತೆ ಬರೆದಳು. ಭಾನುವಾರ ಮಲೂ ಅವಳ ಮನೆಗೆ ಬಂದಳು. ಕೋಟು ಬಿಚ್ಚಲಿಲ್ಲ. ಕಾಫಿ ಬೇಡ ಅಂದಳು. ಹೊಸಿಲ ಒಳಗೆ ನಿಂತು ಕಾಗದ ಇಸಿದುಕೊಂಡಳು.

"ಓದಿ ಹೇಳ್ಲಾ?" ಎಂಬ ಮಾತು ಇಂಗೆಲೀಸೆಯ ಬಾಯಿಂದ ಅಭ್ಯಾಸಬಲದಿಂದ ಬಂದುಬಿಟ್ಟಿತು.

"ಬೇಡ."

ಗೋಡೆಗೆ ಕಾಗದ ಒತ್ತಿಹಿಡಿದು, ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಮಲೂ ಓದತೊಡಗಿದಳು. ಬೆರಳು ಒಂದೊಂದು ಪದದ ಕೆಳಗೆ ನಿಲ್ಲುತ್ತಿತ್ತು, ಹಿಂದಕ್ಕೆ ಬರುತ್ತಿತ್ತು, ಮತ್ತೆ ಮುಂದೆ ಹೋಗುತ್ತಿತ್ತು. ಎಲ್ಲಿ ತಡೆಯುತ್ತಿದೆ, ಯಾವ ಅಕ್ಷರ ಕೈಕೊಡುತ್ತಿದೆ ಎಂದು ಇಂಗೆಲೀಸೆಗೆ ಕಾಣುತ್ತಿತ್ತು. ಹೇಳಿಕೊಡಲು ಎರಡು ಸಲ ಉಸಿರೆಳೆದಳು.

"ಸುಮ್ನಿರಿ," ಎಂದಳು ಮಲೂ, ತಲೆ ಎತ್ತದೆ.

ಹೊರಗೆ ಗಾಳಿ ಬೀಸುತ್ತಿತ್ತು. ಮುಕ್ಕಾಲು ಪುಟಕ್ಕೆ ಹದಿನೈದು ನಿಮಿಷವಾಗಿತ್ತು. ಬೆರಳು ಒಂದು ಕಡೆ ನಿಂತಿತು, ನಿಂತೇ ಇತ್ತು.

"ಇಲ್ಲಿ 'ಅನುಮಾನವಿತ್ತು' ಅಂತಿದೆ."

"ಹ್ಞಾಂ... ಅದು..."

"ಅವತ್ತು ನೀವು 'ಗೊತ್ತಿತ್ತು' ಅಂದ್ರಿ."

ಇಂಗೆಲೀಸೆಯ ಮುಖ ಕಿವಿಯವರೆಗೂ ಬಿಸಿಯಾಯಿತು. ಆ ಪದದ ಮೇಲೆ ಅವಳು ಒಂದು ಇಡೀ ಸಂಜೆ ಕಳೆದಿದ್ದಳು. ಮಲೂ ಇಷ್ಟು ಪದಗಳ ನಡುವೆ ಅದನ್ನು ದಾಟಿಕೊಂಡು ಹೋಗುತ್ತಾಳೆ ಎಂದು ಲೆಕ್ಕ ಹಾಕಿದ್ದಳು. ಹೌದು, ಲೆಕ್ಕ ಹಾಕಿಯೇ ಬರೆದಿದ್ದಳು.

"ತಿದ್ದಿ," ಎಂದಳು ಮಲೂ.

ಇಂಗೆಲೀಸೆ ಒಳಗೆ ಹೋಗಿ ಪೆನ್ನು ತಂದಳು. ಗೋಡೆಗೆ ಕಾಗದ ಇಟ್ಟು ಪದ ಹೊಡೆದು ಮೇಲೆ ಬರೆದಳು. ಮಲೂ ಹೊಸ ಪದವನ್ನು ಬೆರಳಿಟ್ಟು ಓದಿದಳು, ಉಳಿದದ್ದನ್ನು ಕೊನೆಯವರೆಗೆ ಓದಿದಳು, ಮಡಚಿ ಒಳಜೇಬಿಗೆ ಹಾಕಿಕೊಂಡಳು. ಹೋಗುತ್ತೇನೆ ಎಂದೂ ಹೇಳದೆ ಮೆಟ್ಟಿಲಿಳಿದಳು. ಒಂದು ಹೆಜ್ಜೆ ಗಟ್ಟಿ, ಒಂದು ಮೆತ್ತಗೆ.

ಆಡಳಿತ ಮಂಡಳಿಯ ಉತ್ತರದ ಪ್ರತಿ ಇಂಗೆಲೀಸೆಗೂ ಬಂತು. ಅಷ್ಟು ಹಳೆಯ ಕಡತಗಳನ್ನು ಇಟ್ಟುಕೊಂಡಿಲ್ಲ, ಆಗಿನ ನಿಯಮಗಳನ್ನು ಮೀರಿದ ಹಾಗೆ ಕಾಣುವುದಿಲ್ಲ, ಶಾಲೆಗೆ ಇಷ್ಟು ಹೆಸರು ತಂದ ವಿದ್ಯಾರ್ಥಿನಿಯ ಬಗ್ಗೆ ಸದಾ ಅಭಿಮಾನವಿದೆ. ಆಗಸ್ಟಿಗೆ ಹೊಸ ಮಕ್ಕಳು ಬರುವ ದಿನಾಂಕವೂ ಅದೇ ಕಾಗದದ ಕೆಳಗಡೆ ಅಚ್ಚಾಗಿತ್ತು.

ಮರುವರ್ಷದ ಮೇ ತಿಂಗಳಲ್ಲಿ ಒಂದು ಮಂಗಳವಾರ ಎಗೋನ್ ಊರಿನ ಪತ್ರಿಕೆ ಹಿಡಿದು ಬಂದ. ಈಗ ಅವನು ತಡವರಿಸಿಕೊಂಡಾದರೂ ಓದುತ್ತಿದ್ದ, ಓದುವುದನ್ನು ನಾಲ್ಕು ಜನ ಕೇಳಬೇಕು ಎಂಬ ಆಸೆಯೂ ಇತ್ತು. ಮಲೂಳ ಫೋಟೊ ಬಂದಿತ್ತು, ಸುತ್ತ ಪುಟ್ಟ ಹುಡುಗಿಯರು. ಪರವಾನಗಿ ಪರೀಕ್ಷೆ ಎರಡನೇ ಸಲಕ್ಕೆ ಪಾಸಾಗಿದ್ದಳು. ಮೂವತ್ತೈದನೇ ವಯಸ್ಸಿಗೆ ಓದು ಕಲಿತದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಳು. ಹೋಲ್ಸ್ಟೆಬ್ರೊದ ಶಿಕ್ಷಕಿಯ ಹೆಸರು ಹೇಳಿ, ಓದೋಕೆ ಬರಲ್ಲ ಅಂತ ನನ್ನ ಮುಖಕ್ಕೆ ಹೇಳಿ ಕೂರಿಸಿ ಕಲಿಸಿದ ಮೊದಲನೆಯವರು ಇವರೇ ಅಂದಿದ್ದಳು.

ಎಗೋನ್ ಕೊನೆಯವರೆಗೂ ಬೆರಳಾಡಿಸಿ ನೋಡಿದ. ಹಾಳೆ ತಿರುಗಿಸಿ ಹಿಂದುಗಡೆಯೂ ನೋಡಿದ.

"ನಿಮ್ಮ ಹೆಸರೇ ಇಲ್ವಲ್ಲ ಇಂಗೆಲೀಸೆ. ಬಂಗಾರದಂಥ ಹೆಂಗಸು ಅಂತಿದ್ಲು. ಮರ್ತೇಬಿಟ್ಲೇನೋ."

"ಮರ್ತಿಲ್ಲ," ಎಂದಳು ಇಂಗೆಲೀಸೆ. "ಕೂತ್ಕೋ. ಪುಸ್ತಕ ತೆಗಿ."